ಅಡಗಿದ ದೇವರು ಮತ್ತು ಕನಿಕರಪಟ್ಟ ಕಟುಕರು

(ಕನ್ನಡದಲ್ಲಿ ಫ್ಯಾಂಟಸಿ ಬರೆಯುವವರು, ಓದುವವರು ಬೆಂಗಳೂರಿನ ಬಸವನಗುಡಿಯಲ್ಲಿ ಸೇರಿದ್ದ ಒಂದು ಸಭೆಯಲ್ಲಿ ಆಡಿದ ಮಾತುಗಳ ಬರಹ ರೂಪ. ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಒಂದು ಕಲ್ಪಿತ ಲೋಕ. ಅಲ್ಲಿ ದೇವರಿದ್ದಾನೆ, ಆದರೆ ಕಾಣಿಸುವುದಿಲ್ಲ. ಗುಡಿಯಿಲ್ಲ, ಪೂಜಾರಿಯಿಲ್ಲ, ಅಶರೀರವಾಣಿಯಿಲ್ಲ. ಅಲ್ಲಿನ ಜನಕ್ಕೆ ಅವನ ಹೆಸರೂ ಸರಿಯಾಗಿ ಗೊತ್ತಿಲ್ಲ. ಹಾಗಿದ್ದೂ ಅವರನ್ನು ಗುಟ್ಟಾಗಿ ಒಂದು ದಿಕ್ಕಿಗೆ ನಡೆಸುತ್ತಿದ್ದಾನೆ. ಇಂಥ ಕತೆ ಬರೆಯುವುದು ಹೇಗೆ? ಬರೆದರೆ ಅದರಲ್ಲಿ ಮನುಷ್ಯರಿಗೆ ಮಾಡಲು ಏನು ಉಳಿಯುತ್ತದೆ? ಇವತ್ತು ನಾವು ಮಾತಾಡಬೇಕಾಗಿರುವುದು ಇದನ್ನೇ.

ಎರಡು ಕತೆಗಳನ್ನು ಪಕ್ಕಪಕ್ಕ ಇಟ್ಟು ನೋಡೋಣ. ಒಂದು ನಮ್ಮ ಲಕ್ಷ್ಮೀಶ ಹೇಳಿದ ಚಂದ್ರಹಾಸನ ಕತೆ. ಇನ್ನೊಂದು ಇಂಗ್ಲೆಂಡಿನ ಟೋಲ್ಕಿನ್ ಬರೆದ 'ದಿ ಲಾರ್ಡ್ ಆಫ್ ದಿ ರಿಂಗ್ಸ್'. ಎರಡಕ್ಕೂ ನಡುವೆ ಏನೇನೂ ಸಂಬಂಧವಿಲ್ಲ. ಕಾಲ ಬೇರೆ, ಭಾಷೆ ಬೇರೆ, ನಂಬಿಕೆ ಬೇರೆ. ಆದರೂ ಅಡಗಿದ ದೇವರು ಎರಡರಲ್ಲೂ ಒಂದೇ ದಾರಿಯಲ್ಲಿ ಬರುತ್ತಾನೆ. ಆ ದಾರಿ ಯಾವುದು ಅನ್ನುವುದನ್ನು ತೋರಿಸಬೇಕು ಅಂತ ನನಗೆ ಬಹಳ ಆಸೆ.

ಚಂದ್ರಹಾಸನ ಕತೆ ನಿಮ್ಮಲ್ಲಿ ಜಾಸ್ತಿ ಜನಕ್ಕೆ ಗೊತ್ತು. ದೇವನೂರಿನ ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಓದಿರುತ್ತೀರಿ, ಇಲ್ಲವೇ ಯಕ್ಷಗಾನದಲ್ಲಿ ನೋಡಿರುತ್ತೀರಿ. ನಮಗೆ ಬೇಕಾದಷ್ಟನ್ನು ಮಾತ್ರ ಮತ್ತೆ ಹೇಳುತ್ತೇನೆ. ಕೇರಳದ ರಾಜನ ಮಗು. ಎಡಗಾಲಿಗೆ ಆರು ಬೆರಳು. ತಂದೆ ಯುದ್ಧದಲ್ಲಿ ಸತ್ತ, ತಾಯಿಯೂ ಹೋದಳು. ದಾದಿ ಮಗುವನ್ನು ಎತ್ತಿಕೊಂಡು ಕುಂತಳಪುರಕ್ಕೆ ಬಂದಳು. ಸ್ವಲ್ಪ ಕಾಲಕ್ಕೆ ಅವಳೂ ಇಲ್ಲವಾದಳು. ಹೀಗೆ ಊರಿನ ಬೀದಿಯಲ್ಲಿ ಬೆಳೆಯುತ್ತಿದ್ದ ಹುಡುಗನನ್ನು ನೋಡಿ, ಮಂತ್ರಿ ದುಷ್ಟಬುದ್ಧಿಯ ಮನೆಗೆ ಬಂದಿದ್ದ ಬ್ರಾಹ್ಮಣರು 'ಮುಂದೆ ಈ ರಾಜ್ಯಕ್ಕೆ ಇವನೇ ಒಡೆಯ' ಅಂದುಬಿಟ್ಟರು. ಮಂತ್ರಿ ಕಟುಕರನ್ನು ಕರೆಸಿದ. ಹುಡುಗನನ್ನು ಕಾಡಿಗೆ ಒಯ್ದು ಕೊಂದು, ಗುರುತು ತಂದು ತೋರಿಸಿ ಅಂದ.

ಕಾಡಿನಲ್ಲಿ ಏನಾಯಿತು? ಆಕಾಶದಿಂದ ಚಕ್ರ ಬರಲಿಲ್ಲ. ಗರುಡ ಇಳಿಯಲಿಲ್ಲ. ಹುಡುಗ ಹರಿಯನ್ನು ನೆನೆದ. ಕಟುಕರ ಮನಸ್ಸು ಕರಗಿತು. ಕಾಲಿನ ಆರನೆಯ ಬೆರಳನ್ನು ಮಾತ್ರ ಕತ್ತರಿಸಿ ಅದನ್ನೇ ಗುರುತು ಅಂತ ಒಯ್ದರು. ಅಷ್ಟೇ ಆಗಿದ್ದು. ನಾವು ಕೇಳುವ ಕತೆಯಲ್ಲಿ ಆ ಕಟುಕರಿಗೆ ಹೆಸರಿಲ್ಲ. ಆಮೇಲೆ ಅವರು ಏನಾದರು ಅನ್ನುವುದೂ ಇಲ್ಲ. ಆದರೆ ಕುಂತಳ ರಾಜ್ಯದ ಮುಂದಿನದೆಲ್ಲ ಅವರ ಆ ಒಂದು ಗಳಿಗೆಯ ಕನಿಕರದ ಮೇಲೆ ನಿಂತಿದೆ.

ಹುಡುಗ ಕುಳಿಂದ ಎಂಬ ಸಾಮಂತನ ಕೈಗೆ ಸಿಕ್ಕಿ ಅವನ ಮಗನಾಗಿ ಬೆಳೆದ. ವರ್ಷಗಳ ಮೇಲೆ ದುಷ್ಟಬುದ್ಧಿ ಅವನ ಗುರುತು ಹಿಡಿದ. ಈ ಸಲ ಅವನ ಕೈಯಲ್ಲೇ ಒಂದು ಓಲೆ ಕೊಟ್ಟು ತನ್ನ ಮಗ ಮದನನ ಹತ್ತಿರ ಕಳಿಸಿದ. ಓಲೆ ತಂದವನಿಗೆ ವಿಷ ಕೊಡು ಅಂತ ಒಳಗೆ ಬರೆದಿತ್ತು. ಚಂದ್ರಹಾಸ ದಾರಿಯ ತೋಟದಲ್ಲಿ ಮಲಗಿ ನಿದ್ದೆ ಹೋದ. ಅಲ್ಲಿಗೆ ಮಂತ್ರಿಯ ಮಗಳು ವಿಷಯೆ ಬಂದಳು, ಅವನನ್ನು ಮೆಚ್ಚಿದಳು, ಓಲೆ ಓದಿದಳು, ಅಕ್ಷರ ತಿದ್ದಿದಳು. ವಿಷ ಹೋಗಿ ವಿಷಯೆ ಆಯಿತು. ಮದನ ಅಪ್ಪನ ಮಾತು ಅಂತ ತಂಗಿಯನ್ನೇ ಮದುವೆ ಮಾಡಿ ಕೊಟ್ಟ.

ಇಲ್ಲೂ ನೋಡಿ, ದೇವರು ಎಲ್ಲಿ? ಬೇಕಾದರೆ ನಿದ್ದೆಯಲ್ಲಿ ಇದ್ದಾನೆ ಅನ್ನಬಹುದು. ಆ ಹೊತ್ತಿಗೆ ಆ ಹುಡುಗಿ ಆ ತೋಟಕ್ಕೆ ಬಂದದ್ದರಲ್ಲಿ ಇದ್ದಾನೆ ಅನ್ನಬಹುದು. ಆದರೆ ಅಕ್ಷರ ತಿದ್ದಿದ್ದು ವಿಷಯೆ. ಅವಳು ತಿದ್ದದೆ ಇರಬಹುದಿತ್ತು. ಅಪ್ಪನ ಓಲೆ, ನನಗೇಕೆ ಅಂತ ಹಾಗೇ ಮಡಚಿ ಇಟ್ಟು ಹೋಗಬಹುದಿತ್ತು.

ಲಕ್ಷ್ಮೀಶನಿಂದ ನಾನು ಕಲಿತದ್ದು ಇದು. ಅಡಗಿದ ದೇವರು ಒಂದು ಸಂದರ್ಭವನ್ನು ಕಳಿಸಬಹುದು. ನಿರ್ಧಾರವನ್ನು ಕಳಿಸಬಾರದು. ನಿರ್ಧಾರವನ್ನೂ ಅವನೇ ಮಾಡಿಬಿಟ್ಟರೆ ಕತೆ ಸತ್ತುಹೋಗುತ್ತದೆ.

ಈಗ ಟೋಲ್ಕಿನ್ ಕಡೆಗೆ ಬರೋಣ.

'ದಿ ಲಾರ್ಡ್ ಆಫ್ ದಿ ರಿಂಗ್ಸ್' 1954 ಮತ್ತು 1955ರಲ್ಲಿ ಮೂರು ಸಂಪುಟಗಳಾಗಿ ಬಂತು. ಓದಿದವರಿಗೆ ಒಂದು ವಿಚಿತ್ರ ಕಣ್ಣಿಗೆ ಬಿದ್ದಿರಬೇಕು. ಅಷ್ಟು ದೊಡ್ಡ ಕತೆಯಲ್ಲಿ ಯಾರೂ ಗುಡಿಗೆ ಹೋಗುವುದಿಲ್ಲ. ಆ ಲೋಕಕ್ಕೆ ಒಬ್ಬ ಸೃಷ್ಟಿಕರ್ತ ಇದ್ದಾನೆ. ಅವನಿಗೆ ಎರು ಅಂತಲೂ ಇಲೂವತಾರ್ ಅಂತಲೂ ಹೆಸರು. ಆದರೆ ಮುಖ್ಯ ಕತೆಯಲ್ಲಿ ಆ ಹೆಸರು ಬರುವುದೇ ಇಲ್ಲ. ಟೋಲ್ಕಿನ್ ತೀರಿಕೊಂಡಿದ್ದು 1973ರಲ್ಲಿ. ಅವರ ಮಗ ಕ್ರಿಸ್ಟೋಫರ್ 1977ರಲ್ಲಿ 'ಸಿಲ್ಮರಿಲಿಯನ್' ಪ್ರಕಟಿಸಿದ ಮೇಲೆಯೇ ಹೊರಗಿನ ಓದುಗರಿಗೆ ಆ ದೇವರ ಕತೆ ಪೂರ್ತಿ ಸಿಕ್ಕಿದ್ದು. ಟೋಲ್ಕಿನ್ ಗಟ್ಟಿ ಕ್ಯಾಥೊಲಿಕ್ ನಂಬಿಕೆಯವರು. 1953ರಲ್ಲಿ ಒಬ್ಬ ಪಾದ್ರಿ ಸ್ನೇಹಿತರಿಗೆ ಬರೆದ ಪತ್ರದಲ್ಲಿ, ತಮ್ಮ ಕತೆ ಆಳದಲ್ಲಿ ಧಾರ್ಮಿಕವೇ ಅಂತ ಹೇಳಿಕೊಂಡಿದ್ದಾರೆ. ಅದೇ ಕಾರಣಕ್ಕೆ ಪೂಜೆ ಪುನಸ್ಕಾರಗಳ ಮಾತನ್ನು ಆ ಲೋಕದಿಂದ ಹೆಚ್ಚುಕಡಿಮೆ ಪೂರ್ತಿ ತೆಗೆದುಹಾಕಿದೆ ಅಂತಲೂ ಹೇಳಿದ್ದಾರೆ. ಅಂದರೆ ದೇವರನ್ನು ಅವರು ಮರೆತಿರಲಿಲ್ಲ. ಬೇಕು ಅಂತಲೇ ಅಡಗಿಸಿದರು.

ಒಂದೇ ಒಂದು ಕಡೆ ಸಣ್ಣ ಸುಳಿವು ಇದೆ. ಫರಾಮಿರ್ ಎಂಬ ದಂಡನಾಯಕ ತನ್ನ ಜನರ ಜೊತೆ ಊಟಕ್ಕೆ ಕೂರುವ ಮುಂಚೆ ಎಲ್ಲರೂ ಎದ್ದು ಸುಮ್ಮನೆ ಪಶ್ಚಿಮಕ್ಕೆ ಮುಖ ಮಾಡಿ ನಿಲ್ಲುತ್ತಾರೆ. ಮುಳುಗಿಹೋದ ತಮ್ಮ ಮೂಲ ನಾಡಿನ ಕಡೆಗೆ, ಅದರಾಚೆಗಿನ ದೇಶದ ಕಡೆಗೆ, ಅದರಾಚೆಗೂ ಇರುವುದರ ಕಡೆಗೆ ಅಂತ ಫರಾಮಿರ್ ವಿವರಿಸುತ್ತಾನೆ. ಮಂತ್ರವಿಲ್ಲ, ಹೆಸರಿಲ್ಲ.

ಹಾಗಾದರೆ ಈ ದೇವರು ಕತೆಯೊಳಗೆ ಕೆಲಸ ಮಾಡುವುದು ಹೇಗೆ? ಕತೆ ಗೊತ್ತಿಲ್ಲದವರಿಗಾಗಿ ನಾಲ್ಕು ಮಾತು. ದುಷ್ಟ ಸೌರಾನ್ ಮಾಡಿದ ಒಂದು ಉಂಗುರ ಇದೆ. ಅದು ತೊಟ್ಟವರ ಮನಸ್ಸನ್ನು ತಿನ್ನುತ್ತದೆ. ಅದನ್ನು ಮಾಡಿದ ಬೆಂಕಿಬೆಟ್ಟದಲ್ಲೇ ಹಾಕಿದರೆ ಮಾತ್ರ ನಾಶವಾಗುತ್ತದೆ. ಗಾಲಮ್ ಎಂಬ ಒಬ್ಬ ನತದೃಷ್ಟನ ಹತ್ತಿರ ಅದು ಬಹುಕಾಲ ಇತ್ತು. ಅವನಿಂದ ಕಳೆದುಹೋಗಿ ಬಿಲ್ಬೋ ಎಂಬ ಪುಟ್ಟ ಆಳಿಗೆ ಕತ್ತಲ ಸುರಂಗದಲ್ಲಿ ಸಿಕ್ಕಿತು. ಬಿಲ್ಬೋನಿಂದ ಅದು ಫ್ರೋಡೋಗೆ ಬಂತು. ಬಿಲ್ಬೋನ ಕೈಗೆ ಉಂಗುರ ಸಿಗಬೇಕು ಅಂತಲೇ ಇತ್ತು, ಹಾಗೆ ಬಯಸಿದವನು ಉಂಗುರ ಮಾಡಿದವನಲ್ಲ, ಅಂತ ಗ್ಯಾಂಡಾಲ್ಫ್ ಎಂಬ ಮುದುಕ ಫ್ರೋಡೋಗೆ ಹೇಳುತ್ತಾನೆ. ಬಯಸಿದವನು ಯಾರು ಅಂತ ಹೇಳುವುದಿಲ್ಲ. ಅಲ್ಲಿಗೇ ನಿಲ್ಲಿಸುತ್ತಾನೆ.

ಈಗ ಗಾಲಮ್‌ನ ಪ್ರಾಣ ಯಾರ ಯಾರ ಕೈಯಲ್ಲಿ ಇತ್ತು ಅಂತ ಒಂದೊಂದಾಗಿ ನೋಡುತ್ತಾ ಬನ್ನಿ. ಸುರಂಗದಲ್ಲಿ ಬಿಲ್ಬೋ ಕತ್ತಿ ಹಿಡಿದು ನಿಂತಿದ್ದ. ಕೊಲ್ಲುವುದು ಸುಲಭವಿತ್ತು. ಅವನ ಒಂಟಿತನ ನೋಡಿ ಅಯ್ಯೋ ಅನಿಸಿ ಬಿಟ್ಟ. ಅರಗಾರ್ನ್ ಎಂಬ ವೀರ ಗಾಲಮ್‌ನನ್ನು ಹಿಡಿದ, ಕೊಲ್ಲದೆ ಎಲ್ಫ್ ಎಂಬ ಸಾವಿಲ್ಲದ ಜನರಿಗೆ ಒಪ್ಪಿಸಿದ. ಎಲ್ಫ್‌ಗಳು ಸೆರೆಯವನ ಮೇಲೆ ಕರುಣೆಯಿಂದ ಅವನನ್ನು ಹೊರಗೆ ಗಾಳಿಗೆ ಬಿಟ್ಟರು, ಮರ ಹತ್ತಲು ಬಿಟ್ಟರು. ಆ ಸಡಿಲದಲ್ಲೇ ಅವನು ತಪ್ಪಿಸಿಕೊಂಡ. ದಾರಿಯಲ್ಲಿ ಫ್ರೋಡೋಗೆ ಸಿಕ್ಕ. ಫ್ರೋಡೋ ಬಿಟ್ಟ. ಫರಾಮಿರ್‌ನ ಬಿಲ್ಲುಗಾರರು ಅವನಿಗೆ ಗುರಿಯಿಟ್ಟಿದ್ದರು. ಫ್ರೋಡೋ ಬೇಡಿಕೊಂಡ, ಫರಾಮಿರ್ ಬಿಟ್ಟ. ಕೊನೆಗೆ ಬೆಂಕಿಬೆಟ್ಟದ ಇಳಿಜಾರಿನಲ್ಲಿ ಫ್ರೋಡೋನ ಜೊತೆಗಾರ ಸ್ಯಾಮ್. ಗಾಲಮ್ ಎಂದರೆ ಅವನಿಗೆ ಮೊದಲಿಂದಲೂ ಆಗದು. ಕತ್ತಿ ಎತ್ತಿದ. ಆದರೆ ತಾನೂ ಸ್ವಲ್ಪ ಹೊತ್ತು ಉಂಗುರ ಹೊತ್ತಿದ್ದ ಸ್ಯಾಮ್‌ಗೆ ಆ ಜೀವದ ಸಂಕಟ ಒಳಗೇ ಅರ್ಥವಾಯಿತು. ಅವನೂ ಬಿಟ್ಟ.

ಇವರಲ್ಲಿ ಒಬ್ಬರು ಕೊಂದಿದ್ದರೂ ಆ ಲೋಕ ಮುಗಿದುಹೋಗುತ್ತಿತ್ತು. ಏಕೆಂದರೆ ಬೆಟ್ಟದ ಬಾಯಿಯಲ್ಲಿ ಫ್ರೋಡೋ ಸೋತುಹೋಗುತ್ತಾನೆ. ಉಂಗುರ ಎಸೆಯಲಾರೆ, ಇದು ನನ್ನದು ಅಂದುಬಿಡುತ್ತಾನೆ. ಇಡೀ ಕತೆಯ ನಾಯಕ ಕೊನೆಯ ಹೆಜ್ಜೆಯಲ್ಲಿ ಸೋಲುತ್ತಾನೆ. ಆಗ ಗಾಲಮ್ ಹಿಂದಿನಿಂದ ಬಂದು ಬೆರಳು ಕಚ್ಚಿ ಉಂಗುರ ಕಿತ್ತುಕೊಳ್ಳುತ್ತಾನೆ. ಖುಷಿಯಲ್ಲಿ ಕುಣಿಯುತ್ತಾ ಕಾಲು ಜಾರಿ ಉಂಗುರದ ಸಮೇತ ಬೆಂಕಿಗೆ ಬೀಳುತ್ತಾನೆ.

ಅಲ್ಲಿ ಕಾಲಿನ ಬೆರಳು, ಇಲ್ಲಿ ಕೈಬೆರಳು. ಇದು ಕಾಕತಾಳೀಯ, ಅದಕ್ಕೆ ನಾನು ಅರ್ಥ ಕಟ್ಟುವುದಿಲ್ಲ. ಆದರೆ ಕಟುಕರ ಕನಿಕರ ಮತ್ತು ಬಿಲ್ಬೋನ ಕನಿಕರ ಒಂದೇ ಜಾತಿಯವು. ಇಬ್ಬರಿಗೂ ಮುಂದಿನದು ಗೊತ್ತಿರಲಿಲ್ಲ. ಲೋಕ ಉಳಿಸುತ್ತಿದ್ದೇವೆ ಅಂತ ಅವರು ಅಂದುಕೊಂಡಿರಲಿಲ್ಲ. ಸುಮ್ನೆ ಒಂದು ಜೀವವನ್ನು ಬಿಟ್ಟರು. ಅಡಗಿದ ದೇವರಿಗೆ ಬೇಕಾಗಿದ್ದದ್ದು ಅಷ್ಟೇ.

ಟೋಲ್ಕಿನ್‌ಗೆ ಇದು ಚೆನ್ನಾಗಿ ಗೊತ್ತಿತ್ತು. ಆ ಕೊನೆಯ ಗಳಿಗೆಯ ಬಗ್ಗೆ ಕೇಳಿದವರಿಗೆ, ಅಲ್ಲಿ ಇನ್ನೊಂದು ಶಕ್ತಿ ಕೈಹಾಕಿತು ಅಂತ ಪತ್ರದಲ್ಲಿ ಬರೆದಿದ್ದಾರೆ. ಆ ಶಕ್ತಿ ಕತೆಯನ್ನು ಬರೆಯುವವನು, ಆದರೆ ಹಾಗಂದರೆ ತಾನಲ್ಲ, ಅಂತಲೂ ಸೇರಿಸಿದ್ದಾರೆ.

ಬರೆಯುವವರು ಇಲ್ಲಿ ಒಂದು ಕುಶಲತೆಯನ್ನು ಗಮನಿಸಬೇಕು. ಗಾಲಮ್ ಜಾರಿದ್ದಕ್ಕೆ ದೇವರೊಬ್ಬನೇ ಕಾರಣ ಅಂತ ಓದುಗ ಒಪ್ಪಬೇಕಾಗಿಲ್ಲ. ಅವನು ಉಂಗುರದ ಮೇಲೆ ಆಣೆ ಮಾಡಿದ್ದ. ಆಣೆ ಮುರಿದರೆ, ಉಂಗುರ ತೊಟ್ಟು ನಾನು ಅಪ್ಪಣೆ ಮಾಡಿದರೆ, ನೀನು ಬೆಂಕಿಗೂ ಹಾರಬೇಕಾಗುತ್ತದೆ ಅಂತ ಫ್ರೋಡೋ ಬಹಳ ಮುಂಚೆಯೇ ಎಚ್ಚರಿಸಿದ್ದ. ಬೆಟ್ಟದ ಮೇಲೂ ಅದನ್ನೇ ಹೇಳಿದ. ಜೊತೆಗೆ ಅಂಚಿನಲ್ಲಿ ಮೈಮರೆತು ಕುಣಿದರೆ ಯಾರಾದರೂ ಜಾರುತ್ತಾರೆ. ಅಂದರೆ ಒಂದು ಘಟನೆಗೆ ಎರಡು ಲೆಕ್ಕ ಇದೆ. ನೆಲದ ಲೆಕ್ಕ ಒಂದು, ಮೇಲಿನ ಲೆಕ್ಕ ಒಂದು. ನೆಲದ ಲೆಕ್ಕ ಅದರಷ್ಟಕ್ಕೆ ಪೂರ್ತಿ ಸರಿಯಾಗಿರಬೇಕು. ದೇವರನ್ನು ನಂಬದವನಿಗೂ ಅದು ಸಾಲಬೇಕು. ಆಗಲೇ ಮೇಲಿನ ಲೆಕ್ಕಕ್ಕೆ ಬೆಲೆ.

ನಮ್ಮ ಊರಿನಲ್ಲೇ ಇದು ವರ್ಷಕ್ಕೊಮ್ಮೆ ಬೀದಿಯಲ್ಲಿ ನಡೆಯುತ್ತದೆ. ಚೈತ್ರ ಹುಣ್ಣಿಮೆಯ ರಾತ್ರಿ ತಿಗಳರಪೇಟೆಯ ಧರ್ಮರಾಯಸ್ವಾಮಿ ಗುಡಿಯಿಂದ ಕರಗ ಹೊರಡುತ್ತದೆ. ದ್ರೌಪದಿ ಸ್ವರ್ಗಕ್ಕೆ ಹೊರಟಾಗ ವೀರಕುಮಾರರು ಹೋಗಬೇಡ ಅಂತ ಬೇಡಿಕೊಂಡರು, ವರ್ಷಕ್ಕೊಮ್ಮೆ ಬರುತ್ತೇನೆ ಅಂತ ಅವಳು ಮಾತು ಕೊಟ್ಟಳು ಅನ್ನುವುದು ತಿಗಳರ ನಂಬಿಕೆ. ಕರಗ ಹೊರುವವರು ಹೆಣ್ಣಿನ ವೇಷದಲ್ಲಿ, ತಲೆಯ ಮೇಲೆ ಮಲ್ಲಿಗೆಯಿಂದ ಮುಚ್ಚಿದ ಕರಗ ಹೊತ್ತು, ಕೈಯಲ್ಲಿ ಮುಟ್ಟದೆ, ರಾತ್ರಿಯೆಲ್ಲ ಪೇಟೆಯ ಬೀದಿಗಳಲ್ಲಿ ನಡೆಯುತ್ತಾರೆ. ಸುತ್ತ ವೀರಕುಮಾರರ ಬಿಚ್ಚುಗತ್ತಿ. ಮಸ್ತಾನ್ ಸಾಬ್ ದರ್ಗಾದ ಒಳಗೂ ಹೋಗಿ ಬರುತ್ತದೆ. ಕರಗದ ಒಳಗೆ ಏನಿದೆ ಅನ್ನುವುದು ಗುಟ್ಟು. ಅದನ್ನು ಯಾರೂ ಕೇಳುವುದಿಲ್ಲ.

ಕರಗ ಬೀಳದೆ ನಿಂತಿದ್ದು ಹೇಗೆ? ಹೊರುವವರ ಕಠಿಣ ಅಭ್ಯಾಸದಿಂದ, ವ್ರತದಿಂದ. ಇದು ನೆಲದ ಲೆಕ್ಕ, ಪೂರ್ತಿ ನಿಜ. ತಾಯಿ ಬಂದು ನಿಂತಿದ್ದಾಳೆ ಅಂತ ಬೀದಿಯಲ್ಲಿ ಕೈಮುಗಿದು ನಿಂತವರು ಹೇಳುತ್ತಾರೆ. ಒಂದು ಲೆಕ್ಕ ಇನ್ನೊಂದನ್ನು ಹೊಡೆದುಹಾಕುವುದಿಲ್ಲ. ಅಭ್ಯಾಸ ಮಾಡದವನ ತಲೆಯ ಮೇಲೆ ತಾಯಿ ನಿಲ್ಲಲಿ ಅಂತ ಯಾರೂ ಕೂರಿಸುವುದಿಲ್ಲ ಅಲ್ವಾ? ಇಂಥ ತಿಳಿವಳಿಕೆ ನಮ್ಮ ಜನರಲ್ಲಿ ಆಗಲೇ ಇದೆ. ಕನ್ನಡದಲ್ಲಿ ಫ್ಯಾಂಟಸಿ ಬರೆಯುವವರು ಹೊರಗಿನಿಂದ ಇದನ್ನು ಸಾಲ ತರಬೇಕಾಗಿಲ್ಲ.

ಮೇಲಿನ ಲೆಕ್ಕದ ಬಗ್ಗೆ ಇನ್ನೊಂದು ಮಾತು. ಅದು ಹಿಂದಕ್ಕೆ ತಿರುಗಿದಾಗ ಮಾತ್ರ ಕಾಣಬೇಕು. ಮಹಾಭಾರತದ ಶಲ್ಯಪರ್ವದಲ್ಲಿ ಯುದ್ಧ ಮುಗಿದ ಮೇಲೆ ಕೃಷ್ಣ ಅರ್ಜುನನಿಗೆ ನೀನು ಮೊದಲು ರಥದಿಂದ ಇಳಿ ಅನ್ನುತ್ತಾನೆ. ಆಮೇಲೆ ತಾನು ಇಳಿಯುತ್ತಾನೆ. ಬಾವುಟದ ಮೇಲಿನ ಹನುಮಂತ ಮಾಯವಾಗುತ್ತಾನೆ. ರಥ ಹೊತ್ತಿಕೊಂಡು ಉರಿದು ಬೂದಿಯಾಗುತ್ತದೆ. ದ್ರೋಣ ಕರ್ಣರ ಅಸ್ತ್ರಗಳಿಂದ ಅದು ಆಗಲೇ ಸುಟ್ಟುಹೋಗಿತ್ತು, ತಾನು ಕೂತಿದ್ದರಿಂದ ಉಳಿದಿತ್ತು ಅಂತ ಕೃಷ್ಣ ಹೇಳುತ್ತಾನೆ. ಇದನ್ನು ಯುದ್ಧದ ನಡುವೆ ಹೇಳಿದ್ದರೆ ಅರ್ಜುನನ ಧೈರ್ಯಕ್ಕೆ ಅರ್ಥವೇ ಇರುತ್ತಿರಲಿಲ್ಲ. ಹೇಗಿದ್ದರೂ ಸಾಯುವುದಿಲ್ಲ ಅಂತ ಗೊತ್ತಿದ್ದವನು ಧೀರ ಹೇಗಾಗುತ್ತಾನೆ?

ಟೋಲ್ಕಿನ್ ಕತೆಯಲ್ಲಿ ಎಲ್ಫ್‌ಗಳ ಹಿರಿಯ ಎಲ್ರಾಂಡ್‌ನ ಸಭೆಯನ್ನೂ ಹೀಗೇ ನೋಡಿ. ಉಂಗುರಕ್ಕೆ ಏನು ಮಾಡಬೇಕು ಅಂತ ತೀರ್ಮಾನಿಸುವ ಸಭೆ ಅದು. ಬಂದವರಲ್ಲಿ ಯಾರನ್ನೂ ಎಲ್ರಾಂಡ್ ಕರೆದಿರಲಿಲ್ಲ. ಗಾಲಮ್ ತಪ್ಪಿಸಿಕೊಂಡ ಸುದ್ದಿ ಹೇಳಲು ಲೆಗೊಲಾಸ್ ಬಂದಿದ್ದ. ಶತ್ರುವಿನ ದೂತ ತಮ್ಮ ಬಾಗಿಲಿಗೆ ಬಂದಿದ್ದಾನೆ ಅಂತ ಎಚ್ಚರಿಸಲು ಗ್ಲೋಯಿನ್ ಬಂದಿದ್ದ. ಬೊರೊಮಿರ್ ಒಂದು ಕನಸಿನ ಅರ್ಥ ಕೇಳಲು ಬಂದಿದ್ದ. ಎಲ್ಲರಿಗೂ ಅವರವರ ಕೆಲಸ. ಒಂದೇ ಹೊತ್ತಿಗೆ ಸೇರಿದ್ದು ಆಕಸ್ಮಿಕದಂತೆ ಕಂಡರೂ ಹಾಗಲ್ಲ, ನೀವು ಕರೆಸಿಕೊಂಡವರು ಅಂತ ಎಲ್ರಾಂಡ್ ಅನ್ನುತ್ತಾನೆ.

ಬೊರೊಮಿರ್‌ನ ಆ ಕನಸನ್ನು ನಾನು ಎಷ್ಟು ಓದಿದರೂ ಸಾಲದು. ಅದು ಅವನ ತಮ್ಮ ಫರಾಮಿರ್‌ಗೆ ಮತ್ತೆ ಮತ್ತೆ ಬಿದ್ದಿತ್ತು. ಬೊರೊಮಿರ್‌ಗೆ ಬಿದ್ದಿದ್ದು ಒಂದೇ ಸಲ. ಕರೆ ತಮ್ಮನಿಗೇ ಇತ್ತು ಅಂತ ನನಗೆ ಅನಿಸುತ್ತದೆ. ಆದರೆ ದಾರಿ ಅಪಾಯದ್ದು, ನಾನೇ ಹೋಗುತ್ತೇನೆ ಅಂತ ಅಣ್ಣ ಹೊರಟ. ದೇವರು ತಡೆಯಲಿಲ್ಲ. ಬೊರೊಮಿರ್ ಮುಂದೆ ಉಂಗುರದ ಆಸೆಗೆ ಬಿದ್ದು ಫ್ರೋಡೋನ ಮೇಲೆ ಕೈಮಾಡಿದ. ಫ್ರೋಡೋ ಹೆದರಿ ಒಂಟಿಯಾಗಿ ಹೊರಟ, ಸ್ಯಾಮ್ ಬೆನ್ನಿಗೆ ಬಿದ್ದ. ಬೊರೊಮಿರ್ ಪಶ್ಚಾತ್ತಾಪದಿಂದ ಮೆರ್ರಿ, ಪಿಪ್ಪಿನ್ ಎಂಬ ಇಬ್ಬರು ಪುಟ್ಟವರಿಗಾಗಿ ಹೋರಾಡಿ ಸತ್ತ. ಅವರನ್ನು ಶತ್ರುಗಳು ಹೊತ್ತುಕೊಂಡು ಓಡಿದರು. ಓಡಿದ್ದು ಎಲ್ಲಿಗೆ? ಅವರು ತಾವಾಗಿ ಎಂದೂ ಹೋಗದಿದ್ದ ಒಂದು ಹಳೆಯ ಕಾಡಿನ ಅಂಚಿಗೆ. ಅಲ್ಲಿ ನಡೆಯುವ ಮರಗಳಂಥ ಎಂಟ್‌ಗಳು ಎಚ್ಚೆತ್ತವು. ಹೀಗೆ ತಪ್ಪು ಮನುಷ್ಯ ಬಂದ, ತಪ್ಪು ಮಾಡಿದ, ಆ ತಪ್ಪಿನಿಂದಲೇ ಎರಡು ದಾರಿಗಳು ತೆರೆದವು. ಆದರೆ ಅವನ ಸಾವು ಸಾವೇ. ಅದನ್ನು ಯಾರೂ ವಾಪಸು ಕೊಡಲಿಲ್ಲ.

'ಸಿಲ್ಮರಿಲಿಯನ್' ಪುಸ್ತಕದ ಮೊದಲಿಗೆ ಲೋಕ ಸಂಗೀತದಿಂದ ಹುಟ್ಟುತ್ತದೆ. ಮೆಲ್ಕೋರ್ ಎಂಬವನು ಅಪಸ್ವರ ಎಬ್ಬಿಸುತ್ತಾನೆ, ಎಲ್ಲವನ್ನೂ ಕೆಡಿಸಲು ವಿಪರೀತ ಚಳಿ ಹುಟ್ಟಿಸುತ್ತಾನೆ. ನೀರಿನ ಒಡೆಯ ಉಲ್ಮೋಗೆ ಇಲೂವತಾರ್ ತೋರಿಸುತ್ತಾನೆ: ನೋಡು, ಆ ಚಳಿಯಿಂದ ಹಿಮದ ಹೂಗಳಾಗಿವೆ. ನೀರು ಇಷ್ಟು ಚೆಂದವಾಗಬಹುದು ಅಂತ ನಾನು ಅಂದುಕೊಂಡೇ ಇರಲಿಲ್ಲ ಅನ್ನುತ್ತಾನೆ ಉಲ್ಮೋ. ಬೊರೊಮಿರ್‌ನ ಕತೆಯ ಬೇರು ಇಲ್ಲಿದೆ.

ಹಾಗಾದರೆ ದೇವರು ಬಹಿರಂಗವಾಗಿ ಬಂದರೆ ಏನಾಗುತ್ತದೆ? ಟೋಲ್ಕಿನ್ ಅದನ್ನೂ ಬರೆದಿದ್ದಾರೆ. ನೂಮೆನಾರ್ ಎಂಬ ದೊಡ್ಡ ದ್ವೀಪ. ಅಲ್ಲಿ ಒಂದು ಬೆಟ್ಟದ ತುದಿ ಆ ದೇವರಿಗೇ ಮೀಸಲು. ಕಟ್ಟಡವಿಲ್ಲ, ವಿಗ್ರಹವಿಲ್ಲ. ಅಲ್ಲಿ ರಾಜನೊಬ್ಬನೇ ಬಾಯಿ ತೆರೆಯಬಹುದು. ಕಾಲ ಹೋದಂತೆ ಆ ಜನ ಸಾವಿಗೆ ಹೆದರಿದರು, ಸೌರಾನ್‌ನ ಮಾತು ಕೇಳಿದರು, ನರಬಲಿ ಕೊಟ್ಟರು. ಕೊನೆಗೆ ಅಮರತ್ವ ಕಿತ್ತುಕೊಳ್ಳಲು ಹಡಗು ಹತ್ತಿ ಪಶ್ಚಿಮಕ್ಕೆ ಹೊರಟರು. ಆಗ, ಎರಡನೆಯ ಯುಗದ 3319ರಲ್ಲಿ, ದೇವರು ನೇರವಾಗಿ ಕೈಹಾಕಿದ. ಸಮುದ್ರ ಬಾಯಿಬಿಟ್ಟಿತು. ದ್ವೀಪ ಮುಳುಗಿತು. ಚಪ್ಪಟೆಯಾಗಿದ್ದ ಭೂಮಿ ದುಂಡಗಾಯಿತು. ರಾಣಿ ಮೀರಿಯೆಲ್ ತಪ್ಪು ಮಾಡಿದವಳಲ್ಲ. ಅವಳನ್ನು ಬಲವಂತದಿಂದ ಮದುವೆಯಾಗಿ ಸಿಂಹಾಸನ ಕಿತ್ತುಕೊಂಡಿದ್ದರು. ಅವಳು ಆ ಬೆಟ್ಟದ ತುದಿಗೆ ಓಡುತ್ತಿದ್ದಾಗ ಅಲೆ ನುಂಗಿತು. ಒಂಬತ್ತು ಹಡಗುಗಳಲ್ಲಿ ಕೆಲವರು ಮಾತ್ರ ಉಳಿದರು.

ಇದನ್ನು ಓದಿದ ಮೇಲೆ ದೇವರು ಯಾಕೆ ಅಡಗಿದ್ದಾನೆ ಅನ್ನುವ ಪ್ರಶ್ನೆ ನನಗೆ ಬೇರೆಯಾಗಿಯೇ ಕಾಣಿಸಿತು. ಅವನು ತೋಳು ಚಾಚಿದರೆ ತಪ್ಪಿತಸ್ಥರ ಜೊತೆ ಮೀರಿಯೆಲ್ ಕೂಡ ಮುಳುಗುತ್ತಾಳೆ. ಆಮೇಲಿನ ಯುಗದಲ್ಲಿ ಬಂದ ಸಹಾಯ ಗ್ಯಾಂಡಾಲ್ಫ್‌ನಂಥದ್ದು. ಒಬ್ಬ ಮುದುಕ, ಬೂದು ಬಟ್ಟೆ, ಊರುಗೋಲು. ಶಕ್ತಿಗೆ ಎದುರು ಶಕ್ತಿ ತೋರಿಸಬಾರದು, ಜನರ ಮನಸ್ಸಿನಲ್ಲಿ ಧೈರ್ಯ ಹೊತ್ತಿಸಬೇಕು ಅಷ್ಟೇ ಅಂತ ಅವನಿಗೆ ಕಟ್ಟಳೆ.

ಇಷ್ಟಾದರೂ ಒಂದು ಪ್ರಶ್ನೆ ಉಳಿಯುತ್ತದೆ. ಅದನ್ನು ತಪ್ಪಿಸಿಕೊಂಡು ಹೋದರೆ ನಮ್ಮ ಕತೆ ಸುಳ್ಳಾಗುತ್ತದೆ. ಆ ಪ್ರಶ್ನೆ ಕೇಳಿದವಳು ಗಾಂಧಾರಿ. ವ್ಯಾಸಭಾರತದ ಸ್ತ್ರೀಪರ್ವ. ರಣರಂಗದಲ್ಲಿ ಮಕ್ಕಳ ಹೆಣಗಳ ನಡುವೆ ನಿಂತು ಕೃಷ್ಣನನ್ನು ಕೇಳುತ್ತಾಳೆ. ನಿನಗೆ ಶಕ್ತಿಯಿತ್ತು, ಸೈನ್ಯವಿತ್ತು, ಎರಡು ಕಡೆಯವರೂ ನಿನ್ನ ಮಾತು ಕೇಳುತ್ತಿದ್ದರು. ನೀನು ತಡೆಯಬಹುದಿತ್ತು. ಯಾಕೆ ಸುಮ್ಮನಿದ್ದೆ? ಮೂವತ್ತಾರನೆಯ ವರ್ಷ ನಿನ್ನ ಕುಲವೂ ತಮ್ಮತಮ್ಮಲ್ಲೇ ಹೊಡೆದಾಡಿ ನಾಶವಾಗಲಿ, ನೀನೂ ಹೀನವಾಗಿ ಸಾಯಿ ಅಂತ ಶಾಪ ಕೊಡುತ್ತಾಳೆ. ಕೃಷ್ಣ ಆ ಶಾಪವನ್ನು ತಳ್ಳಿಹಾಕುವುದಿಲ್ಲ. ಒಪ್ಪಿಕೊಳ್ಳುತ್ತಾನೆ.

ಜನರನ್ನು ಗುಟ್ಟಾಗಿ ನಡೆಸುವ ದೇವರನ್ನು ಬರೆಯುವ ಪ್ರತಿಯೊಬ್ಬರೂ ತಮ್ಮ ಲೋಕದಲ್ಲಿ ಒಬ್ಬ ಗಾಂಧಾರಿಗೆ ಜಾಗ ಕೊಡಬೇಕು ಅಂತ ನಾನು ಕೈಮುಗಿದು ಕೇಳಿಕೊಳ್ಳುತ್ತೇನೆ. ಅವಳಿಗೆ ಉತ್ತರ ಕೊಡಲೇಬೇಕು ಅಂತ ಇಲ್ಲ. ಆದರೆ ಅವಳು ಕೇಳಬೇಕು. ಯೋಜನೆ ಎಷ್ಟೇ ದೊಡ್ಡದಿರಲಿ, ಅದರಲ್ಲಿ ಸತ್ತವರ ತಾಯಿ ಅದನ್ನು ಒಪ್ಪಿಕೊಳ್ಳಬೇಕಾಗಿಲ್ಲ. ಟೋಲ್ಕಿನ್ ಲೋಕದಲ್ಲಿ ಈ ದನಿ ಕಡಿಮೆ ಅಂತ ನನಗೆ ಅನಿಸುತ್ತದೆ. ಅಲ್ಲಿ ಫ್ರೋಡೋನ ವಾಸಿಯಾಗದ ಗಾಯ ಇದೆ, ಊರಿಗೆ ಮರಳಿದರೂ ಊರು ಸೇರಲಾರದ ನೋವು ಇದೆ. ಆದರೆ ಎದುರು ನಿಂತು ಕೇಳುವ ತಾಯಿ ಇಲ್ಲ. ಈ ವಿಷಯದಲ್ಲಿ ವ್ಯಾಸರ ಎದೆ ದೊಡ್ಡದು.

ಬಸವನಗುಡಿಯಲ್ಲಿ ನಿಂತು ಡಿ.ವಿ.ಜಿ. ಅವರನ್ನು ನೆನೆಯದೆ ಈ ಮಾತು ಮುಗಿಸಲಾರೆ. ಕಣ್ಣಿಗೆ ಕಾಣದಿದ್ದರೂ ಜನ ಪ್ರೀತಿಯಿಂದ ನಂಬಿರುವ ಆ ವಿಚಿತ್ರಕ್ಕೆ ನಮಿಸು ಅಂತಲೇ ಅವರ ಕಗ್ಗ ಶುರುವಾಗುತ್ತದೆ. ಅದೇ ಕಗ್ಗದಲ್ಲಿ ಬದುಕನ್ನು ಜಟಕಾ ಬಂಡಿಗೆ, ವಿಧಿಯನ್ನು ಅದರ ಸಾಹೇಬನಿಗೆ, ನಮ್ಮನ್ನು ಕುದುರೆಗೆ ಹೋಲಿಸಿದ ಪದ್ಯ ಎಲ್ಲರಿಗೂ ಬಾಯಿಪಾಠ. ಬದುಕಿನ ಪೆಟ್ಟು ತಿಂದಾಗ ಆ ಪದ್ಯ ಕೊಡುವ ಸಮಾಧಾನ ದೊಡ್ಡದು. ಆದರೆ ಕತೆ ಕಟ್ಟುವವರು ತಮ್ಮ ಲೋಕಕ್ಕೆ ಮೊದಲನೆಯ ಪದ್ಯವನ್ನು ತೆಗೆದುಕೊಳ್ಳಲಿ ಅಂತ ನನ್ನ ಆಸೆ. ಕುದುರೆಗೆ ಯಾರನ್ನೂ ಕನಿಕರದಿಂದ ಬಿಟ್ಟುಬಿಡುವ ಅವಕಾಶ ಇರುವುದಿಲ್ಲ.

ನಿಮ್ಮಲ್ಲಿ 'ಡಂಜನ್ಸ್ ಅಂಡ್ ಡ್ರ್ಯಾಗನ್ಸ್' ಆಡುವವರು ಕೆಲವರು ಇದ್ದೀರಿ. ಒಂದು ಕತೆಯ ಪಾತ್ರಗಳಾಗಿ ಕೂತು ಆಡುವ, 1974ರಿಂದ ಇರುವ ಆಟ. ಅಲ್ಲಿ ಆಟ ನಡೆಸುವವರೇ ಅಡಗಿದ ದೇವರು. ಆಟಗಾರರು ಏನೇ ಮಾಡಿದರೂ ನಡೆಸುವವರು ಕೊನೆಗೆ ತಾವು ಅಂದುಕೊಂಡ ಕೋಟೆಗೇ ತಂದು ನಿಲ್ಲಿಸಿದರೆ ಎಷ್ಟು ಬೇಗ ಬೇಸರವಾಗುತ್ತದೆ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಓದುಗರಿಗೂ ಹಾಗೇ ಆಗುತ್ತದೆ.

ಇನ್ನು ಪ್ರಶ್ನೆಗಳು.

ಒಬ್ಬ ಹುಡುಗಿ ಕೇಳಿದಳು: "ಸರ್, ಗುಟ್ಟಾಗಿ ನಡೆಸುವ ದೇವರು ಕೆಟ್ಟವನಾಗಿದ್ದರೆ? ಆ ಲೋಕದ ಜನಕ್ಕೆ ವ್ಯತ್ಯಾಸ ಗೊತ್ತಾಗೋದು ಹೇಗೆ?"

ಬಹಳ ಒಳ್ಳೆಯ ಪ್ರಶ್ನೆ ಇದು. ಟೋಲ್ಕಿನ್ ಲೋಕದಲ್ಲೇ ಅಂಥವನು ಇದ್ದಾನೆ. ಸೌರಾನ್ ಒಮ್ಮೆ ಸುಂದರ ರೂಪದಲ್ಲಿ, ಕೊಡುಗೆಗಳ ಒಡೆಯ ಅಂತ ಹೇಳಿಕೊಂಡು ಎಲ್ಫ್ ಕಮ್ಮಾರರ ಹತ್ತಿರ ಬಂದ. ವಿದ್ಯೆ ಕಲಿಸಿದ. ಉಂಗುರ ಮಾಡುವುದನ್ನು ಹೇಳಿಕೊಟ್ಟ. ಎಲ್ಲವೂ ಒಳ್ಳೆಯದೇ ಆಗಿತ್ತು. ಆದರೆ ಆ 'ಒಂದು ಉಂಗುರ'ವನ್ನು ಮಾತ್ರ ಗುಟ್ಟಾಗಿ ತನಗೆ ಮಾಡಿಕೊಂಡ, ಉಳಿದವರೆಲ್ಲರ ಮನಸ್ಸನ್ನು ಕಟ್ಟಿಹಾಕಲು. ಅವನು ಅದನ್ನು ತೊಟ್ಟ ಗಳಿಗೆಯಲ್ಲೇ ಎಲ್ಫ್‌ಗಳಿಗೆ ಗೊತ್ತಾಯಿತು, ತಮ್ಮ ಉಂಗುರಗಳನ್ನು ಕಳಚಿದರು. ಇಲೂವತಾರ್, ಸೌರಾನ್ ಇಬ್ಬರೂ ಅಡಗಿಯೇ ಕೆಲಸ ಮಾಡುತ್ತಾರೆ. ಒಬ್ಬ ಬೇಡ ಅನ್ನುವ ಅವಕಾಶ ಉಳಿಸುತ್ತಾನೆ, ಇನ್ನೊಬ್ಬ ಅದನ್ನು ಕಿತ್ತುಕೊಳ್ಳುತ್ತಾನೆ. ನಿನ್ನ ಕತೆಯ ಜನ ಆ ದೇವರಿಗೆ ಬೇಡ ಅನ್ನಲಿ. ಅವನು ಏನು ಮಾಡುತ್ತಾನೆ ಅಂತ ಆಗ ನೋಡಮ್ಮ.

"ಚಂದ್ರಹಾಸನ ಕೊನೆಯಲ್ಲಿ ದೇವಿ ಎದುರಿಗೇ ಬರ್ತಾಳಲ್ಲ, ಅದು ನಿಮ್ಮ ಮಾತಿಗೆ ವಿರುದ್ಧ ಅಲ್ವೇ?" ಅಂತ ಹಿರಿಯರೊಬ್ಬರು ಕೇಳಿದರು.

ಹೌದು, ಬರುತ್ತಾಳೆ. ದುಷ್ಟಬುದ್ಧಿ ಅಳಿಯನನ್ನು ಕೊಲ್ಲಿಸಲು ಚಂಡಿಕೆಯ ಗುಡಿಗೆ ಕಳಿಸುತ್ತಾನೆ. ದಾರಿಯಲ್ಲಿ ಮದನ ಸಿಕ್ಕಿ, ನಿಮ್ಮನ್ನು ರಾಜರು ಕರೆಯುತ್ತಿದ್ದಾರೆ, ಪೂಜೆಗೆ ನಾನು ಹೋಗುತ್ತೇನೆ ಅಂತ ತಾನು ಹೋಗಿ ಸಾಯುತ್ತಾನೆ. ಮಗನ ಹೆಣ ನೋಡಿ ಅಪ್ಪನೂ ಪ್ರಾಣ ಬಿಡುತ್ತಾನೆ. ಆಗ ಚಂದ್ರಹಾಸ ತನ್ನನ್ನೇ ಬಲಿ ಕೊಡಲು ಸಿದ್ಧನಾಗುತ್ತಾನೆ. ದೇವಿ ಬರುವುದು ಅಲ್ಲಿ. ತನ್ನನ್ನು ಮೂರು ಸಲ ಕೊಲ್ಲಲು ನೋಡಿದವನ ಪ್ರಾಣವನ್ನೂ ಅವನು ಬೇಡಿಕೊಳ್ಳುತ್ತಾನೆ. ಕಟುಕರಿಂದ ಶುರುವಾದ ಕನಿಕರ ಒಂದು ಸುತ್ತು ಬಂದು ಅವನಿಂದಲೇ ಹೊರಡುತ್ತದೆ. ಆಮೇಲೆ ದೇವಿ ಕಾಣಿಸಿಕೊಂಡರೆ ಮನುಷ್ಯರಿಂದ ಏನನ್ನೂ ಕಿತ್ತುಕೊಂಡಂತೆ ಆಗುವುದಿಲ್ಲ. ಅವರು ಮಾಡಬೇಕಾದ್ದನ್ನು ಆಗಲೇ ಮಾಡಿ ಮುಗಿಸಿದ್ದಾರೆ.

ಕೊನೆಯ ಪ್ರಶ್ನೆ ಒಬ್ಬ ಯುವಕನದು. ಕಾದಂಬರಿ ಬರೆಯುತ್ತಿದ್ದಾನಂತೆ. "ದೇವರ ಪ್ಲಾನ್ ಪೂರ್ತಿ ಮೊದಲೇ ಬರೆದಿಟ್ಟುಕೊಂಡು ಆಮೇಲೆ ಕತೆ ಶುರು ಮಾಡಬೇಕಾ?"

ಬೇಡ ಅಂತಲೇ ಹೇಳುತ್ತೇನೆ. ಟೋಲ್ಕಿನ್‌ಗೂ ಮೊದಲೇ ಗೊತ್ತಿರಲಿಲ್ಲ. ಹೋಟೆಲಿನ ಮೂಲೆಯಲ್ಲಿ ಸ್ಟ್ರೈಡರ್ ಕೂತಿದ್ದನ್ನು ಬರೆದಾಗ ಅವನು ಯಾರು ಅಂತ ಫ್ರೋಡೋಗೆ ಎಷ್ಟು ಗೊತ್ತಿತ್ತೋ ತನಗೂ ಅಷ್ಟೇ ಗೊತ್ತಿತ್ತು ಅಂತ ಬರೆದಿದ್ದಾರೆ. ಅವನೇ ಮುಂದೆ ರಾಜನಾಗುವ ಅರಗಾರ್ನ್. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದಿದೆ. ಬಿಲ್ಬೋನ ಕತೆ 'ದಿ ಹಾಬಿಟ್' 1937ರಲ್ಲಿ ಮೊದಲ ಸಲ ಅಚ್ಚಾದಾಗ ಆ ಕನಿಕರದ ಗಳಿಗೆ ಅದರಲ್ಲಿ ಇರಲೇ ಇಲ್ಲ. ಅಲ್ಲಿ ಗಾಲಮ್ ಪಂದ್ಯದಲ್ಲಿ ಸೋತು, ಉಂಗುರವನ್ನೇ ಉಡುಗೊರೆ ಕೊಡಲು ಒಪ್ಪಿ, ಸಿಗದಿದ್ದಾಗ ದಾರಿ ತೋರಿಸಿ ಕಳಿಸುತ್ತಾನೆ. ಉಂಗುರ ಅಂದರೆ ಏನು ಅಂತ ದೊಡ್ಡ ಕತೆ ಬರೆಯುತ್ತಾ ಟೋಲ್ಕಿನ್‌ಗೆ ತಿಳಿಯಿತು. ಆಮೇಲೆ ಹಿಂದಕ್ಕೆ ಹೋಗಿ ಆ ಅಧ್ಯಾಯವನ್ನು ತಿದ್ದಿ ಬರೆದರು. ಬಿಲ್ಬೋ ಕತ್ತಿ ಹಿಡಿದು ನಿಂತದ್ದು, ಅವನಿಗೆ ಅಯ್ಯೋ ಅನಿಸಿದ್ದು, ಇದೆಲ್ಲ ಸೇರಿದ್ದು 1951ರ ಆವೃತ್ತಿಯಲ್ಲಿ. ನೀನೂ ಮೊದಲು ಪೂರ್ತಿ ಬರೆದುಬಿಡಪ್ಪ. ಮುಗಿದ ಮೇಲೆ ಕೂತು ಹುಡುಕು, ಯಾರು ಯಾರನ್ನು ಬಿಟ್ಟುಬಿಟ್ಟಿದ್ದರಿಂದ ಇದೆಲ್ಲ ಆಯಿತು ಅಂತ. ಸಿಕ್ಕಿದ ಮೇಲೆ ಆ ಅಧ್ಯಾಯಕ್ಕೆ ವಾಪಸು ಹೋಗಿ ಅದನ್ನು ಮತ್ತೆ ಬರೆ.